ಇನ್‌ಫ್ಲೇಷನ್ ಕಾಲದ ಏರಿಳಿತಗಳು ಹಿಗ್ಗಿ ಹಿಗ್ಗಿ ಅಳಿದುಹೋಗಬೇಕಿತ್ತಲ್ಲವೇ?

ದಿಗಂತಯಾತ್ರಿ:

ಎಲ್ಲರಿಗೂ ನಮಸ್ಕಾರ. ಇನ್‌ಫ್ಲೇಷನ್ ಬಗ್ಗೆ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಏನು ಓದಿದರೂ ಒಂದು ಸಾಲು ತಪ್ಪದೆ ಎದುರಾಗುತ್ತದೆ: ವಿಶ್ವ ಅತಿ ಎಳೆಯದಾಗಿದ್ದಾಗ ಘಾತೀಯವಾಗಿ ಹಿಗ್ಗಿತು, ಆಗಿನ ಕ್ವಾಂಟಮ್ ಏರಿಳಿತಗಳೂ ಜೊತೆಗೆ ಹಿಗ್ಗಿ ಗೆಲಾಕ್ಸಿಗಳಿಗೆ ಬೀಜವಾದವು. ಓದುವಾಗ ತಲೆದೂಗುತ್ತೇನೆ, ಪುಸ್ತಕ ಮುಚ್ಚಿದ ಮೇಲೆ ತಲೆ ಕೆರೆದುಕೊಳ್ಳುತ್ತೇನೆ.

ನನ್ನ ತಕರಾರು ಇಷ್ಟು. ಹಿಗ್ಗಿದ ಅಲೆ ದುರ್ಬಲವಾಗಬೇಕು. ವಿಶ್ವಕ್ಕೆ ಸುಮಾರು 3,80,000 ವರ್ಷವಾದಾಗ ಬಿಡುಗಡೆಯಾದ ಬೆಳಕು ಆಗ 3,000 ಕೆಲ್ವಿನ್ ಆಸುಪಾಸಿನಲ್ಲಿತ್ತು. ಅಲ್ಲಿಂದೀಚೆಗೆ ವಿಶ್ವ ಸುಮಾರು 1,100 ಪಟ್ಟು ಹಿಗ್ಗಿದ್ದರಿಂದ ಈಗ ಅದು 2.725 ಕೆಲ್ವಿನ್‌ಗೆ ಇಳಿದಿದೆ. 1,100 ಪಟ್ಟಿಗೇ ಈ ಗತಿ. ಇನ್‌ಫ್ಲೇಷನ್‌ನಲ್ಲಿ ಸುಮಾರು 60 ಇ-ಫೋಲ್ಡ್ (ಒಂದು ಇ-ಫೋಲ್ಡ್ ಎಂದರೆ ಸುಮಾರು 2.7 ಪಟ್ಟು) ಹಿಗ್ಗಿರಬೇಕು ಎನ್ನುತ್ತಾರೆ, ಅಂದರೆ 10²⁶ ಪಟ್ಟು. ಕ್ವಾಂಟಮ್ ಮಟ್ಟದ ನಡುಕವೊಂದು ಅಷ್ಟು ಹಿಗ್ಗಿದ ಮೇಲೂ ಆ ಬೆಳಕಿನ ಉಷ್ಣತೆಯಲ್ಲಿ ಲಕ್ಷಕ್ಕೆ ಒಂದರಷ್ಟು ವ್ಯತ್ಯಾಸವಾಗಿ ಉಳಿದದ್ದು ಹೇಗೆ? ಇನ್ನೊಂದು, ಚಿಕ್ಕ ಅಲೆಯೂ ದೊಡ್ಡ ಅಲೆಯೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಉಳಿದದ್ದು ಯಾಕೆ?

ಬಿಎಸ್ಸಿ ಮಟ್ಟದ ಅವಕಲ ಸಮೀಕರಣಗಳು ಗೊತ್ತು. ಸಾಮಾನ್ಯ ಸಾಪೇಕ್ಷತೆ ಗೊತ್ತಿಲ್ಲ. ದಯವಿಟ್ಟು ಅದಕ್ಕೆ ತಕ್ಕಂತೆ ಉತ್ತರಿಸಿ.

ನಿವೃತ್ತಮೇಷ್ಟ್ರು:

ಪ್ರಶ್ನೆ ಚೆನ್ನಾಗಿದೆ. ತರಗತಿಯಲ್ಲಿ ಇಂಥ ಪ್ರಶ್ನೆ ಕೇಳುವ ಹುಡುಗ ಸಿಕ್ಕರೆ ಆ ದಿನ ಮನೆಗೆ ಹೋಗುವಾಗ ಖುಷಿಯಾಗುತ್ತಿತ್ತು.

ತೂಗುತ್ತಿರುವ ಉಯ್ಯಾಲೆಯನ್ನು ನೆನಪಿಸಿಕೊಳ್ಳಿ. ಗಾಳಿಯಲ್ಲಿ ಅದು ಅತ್ತಿತ್ತ ಆಡುತ್ತ ನಿಧಾನವಾಗಿ ತಗ್ಗುತ್ತದೆ. ಅದೇ ಉಯ್ಯಾಲೆಯನ್ನು ಜೇನುತುಪ್ಪದ ಕೊಳದೊಳಗೆ ಇಳಿಸಿ ಒಂದು ಬದಿಗೆ ಎಳೆದು ಬಿಟ್ಟರೆ ಆಡುವುದೇ ಇಲ್ಲ, ಬಿಟ್ಟಲ್ಲೇ ನಿಂತಂತೆ ಕಾಣುತ್ತದೆ. ಹಿಗ್ಗುವ ವಿಶ್ವದಲ್ಲಿ ಪ್ರತಿ ಅಲೆಗೂ ಒಂದು ಘರ್ಷಣೆ ಪದ ಇರುತ್ತದೆ. ಅಲೆ ಚಿಕ್ಕದಾಗಿದ್ದಾಗ ಅದರ ಆಂದೋಲನ ವೇಗವಾಗಿದ್ದು ಘರ್ಷಣೆ ಲೆಕ್ಕಕ್ಕೆ ಬರುವುದಿಲ್ಲ. ಹಿಗ್ಗಿ ಹಬಲ್ ತ್ರಿಜ್ಯವನ್ನು (ಬೆಳಕಿನ ವೇಗವನ್ನು ವಿಶ್ವ ಹಿಗ್ಗುವ ದರದಿಂದ ಭಾಗಿಸಿದರೆ ಸಿಗುವ ದೂರ) ಮೀರಿದ ಮೇಲೆ ಘರ್ಷಣೆಯೇ ಮೇಲುಗೈ. ಅಲೆ ಆಗ ಆಡುವುದನ್ನು ನಿಲ್ಲಿಸಿ, ಇದ್ದ ಎತ್ತರದಲ್ಲೇ ಹೆಪ್ಪುಗಟ್ಟುತ್ತದೆ. ಇದಕ್ಕಿಂತ ಹೆಚ್ಚಿನದನ್ನು ಘಾತಾಂಕ ಅವರು ಬರೆಯಲಿ, ಅವರ ಕ್ಷೇತ್ರ ಅದೇ.

ಘಾತಾಂಕ:

ಮೇಷ್ಟ್ರು ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲೇ ಸ್ವಾರಸ್ಯ ಇದೆ. ಜೇನಿನಲ್ಲಿ ಮುಳುಗಿದ ಉಯ್ಯಾಲೆ ನಿಜಕ್ಕೂ ನಿಲ್ಲುವುದಿಲ್ಲ, ತೆವಳುತ್ತ ತೆವಳುತ್ತ ಕೆಳಕ್ಕೆ ಬಂದೇ ಬರುತ್ತದೆ, ಯಾಕೆಂದರೆ ಗುರುತ್ವ ಎಳೆಯುತ್ತಲೇ ಇರುತ್ತದೆ. ಇನ್‌ಫ್ಲೇಷನ್‌ನಲ್ಲಿ ಆ ಎಳೆಯುವ ಬಲವೇ ಕ್ಷೀಣಿಸಿ ಇಲ್ಲವಾಗುತ್ತದೆ. ಸಮೀಕರಣದಲ್ಲಿ ನೋಡೋಣ, ಮೂರೇ ಪದ.

ಕ್ಷೇತ್ರದ ಕ್ಷೋಭೆಯ ಎರಡನೇ ಕಾಲ-ಅವಕಲ, ಅದಕ್ಕೆ ಕೂಡಿಸಿ 3 ಗುಣಿಸು ಎಚ್ ಗುಣಿಸು ಮೊದಲ ಅವಕಲ, ಅದಕ್ಕೆ ಕೂಡಿಸಿ (ಕೆ/ಎ)ಯ ವರ್ಗ ಗುಣಿಸು ಕ್ಷೋಭೆ, ಮೊತ್ತ ಸೊನ್ನೆ. ಇಲ್ಲಿ ಎಚ್ ಎಂದರೆ ಹಿಗ್ಗುವ ದರ, ಇನ್‌ಫ್ಲೇಷನ್‌ನಲ್ಲಿ ಹೆಚ್ಚುಕಡಿಮೆ ಸ್ಥಿರ. ಎ ಎಂದರೆ ವಿಶ್ವದ ಅಳತೆಗುಣಕ, ಅದು ಘಾತೀಯವಾಗಿ ಬೆಳೆಯುತ್ತದೆ. ಕೆ ಎಂದರೆ ಆ ಅಲೆಯ ಹೆಸರು ಎಂದುಕೊಳ್ಳಿ, ಬದಲಾಗದ ಸಂಖ್ಯೆ. ಅಲೆಯನ್ನು ಸಮಸ್ಥಿತಿಗೆ ಎಳೆಯುವುದು ಮೂರನೇ ಪದ. ಎ ಬೆಳೆದಂತೆ ಅದು ಎ-ವರ್ಗದ ವಿಲೋಮದಲ್ಲಿ ಕುಸಿಯುತ್ತದೆ. ಹತ್ತು ಇ-ಫೋಲ್ಡ್ ಕಳೆದರೆ ಈ ಪದ ಐವತ್ತು ಕೋಟಿ ಪಾಲು ಚಿಕ್ಕದು. ಹಿಂದಕ್ಕೆ ಎಳೆಯುವವರು ಯಾರೂ ಇಲ್ಲದ ಮೇಲೆ ಅಲೆ ತೆವಳಿಕೊಂಡೂ ಹಿಂದಿರುಗುವುದಿಲ್ಲ.

ಈಗ ಯಾತ್ರಿಯವರ ತಕರಾರು. ಹಬಲ್ ತ್ರಿಜ್ಯದ ಒಳಗಿರುವಷ್ಟು ಹೊತ್ತು ನಿಮ್ಮ ಮಾತು ಅಕ್ಷರಶಃ ನಿಜ. ಅಲ್ಲಿ ಪಾರ, ಅಂದರೆ ಅಲೆಯ ಎತ್ತರ, 1/ಎ ಪ್ರಮಾಣದಲ್ಲಿ ಇಳಿಯುತ್ತಲೇ ಹೋಗುತ್ತದೆ. ಇಳಿತ ನಿಲ್ಲುವುದು ಹೊರಬಿದ್ದ ಮೇಲೆ ಮಾತ್ರ. ಬೆಳಕಿನ ಉದಾಹರಣೆ ಇಲ್ಲಿ ಹೊಂದದಿರುವುದಕ್ಕೆ ನಿರ್ದಿಷ್ಟ ಕಾರಣ ಇದೆ: ವಿದ್ಯುತ್ಕಾಂತ ಕ್ಷೇತ್ರಕ್ಕೆ ಕನ್ಫಾರ್ಮಲ್ ಸಮ್ಮಿತಿ ಇದೆ, ವಿಶ್ವ ಹಿಗ್ಗುತ್ತಿದೆ ಎನ್ನುವ ಸಂಗತಿ ಅದರ ಸಮೀಕರಣಕ್ಕೆ ತಿಳಿಯುವುದೇ ಇಲ್ಲ. ಅದು ಎಷ್ಟೇ ಹಿಗ್ಗಿದರೂ ಹೆಪ್ಪುಗಟ್ಟುವುದಿಲ್ಲ. ಇನ್‌ಫ್ಲೇಷನ್‌ನಿಂದ ಕಾಂತಕ್ಷೇತ್ರ ಹುಟ್ಟಿಸಬೇಕೆನ್ನುವವರು ಮೊದಲು ಈ ಸಮ್ಮಿತಿಯನ್ನು ಮುರಿಯಬೇಕಾಗುತ್ತದೆ, 1988ರಲ್ಲಿ ಟರ್ನರ್ ಮತ್ತು ವಿಡ್ರೋ ಹಿಡಿದ ದಾರಿ ಅದು. ಇನ್‌ಫ್ಲೇಷನ್ ನಡೆಸುವ ಅದಿಶ ಕ್ಷೇತ್ರಕ್ಕೆ ಆ ರಕ್ಷಣೆ ಇಲ್ಲ.

ಎರಡನೇ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ನಿರ್ವಾತದಲ್ಲಿ ಪ್ರತಿ ಅಲೆಗೂ ಕನಿಷ್ಠ ನಡುಕ ಇದ್ದೇ ಇರುತ್ತದೆ. ಅದರ ಗಾತ್ರವನ್ನು ನಿರ್ಧರಿಸುವುದು ಅಲೆಯ ಭೌತಿಕ ತರಂಗಾಂತರ. ಚಿಕ್ಕ ಅಲೆ ತಡವಾಗಿ ಹೊರಬೀಳುತ್ತದೆ, ದೊಡ್ಡದು ಮೊದಲೇ ಹೊರಬಿದ್ದಿರುತ್ತದೆ, ಆದರೆ ಹೊರಬೀಳುವ ಗಳಿಗೆಯಲ್ಲಿ ಪ್ರತಿಯೊಂದರ ತರಂಗಾಂತರವೂ ಒಂದೇ, ಅಂದರೆ ಹಬಲ್ ತ್ರಿಜ್ಯದಷ್ಟು. ಆದ್ದರಿಂದ ಎಲ್ಲವೂ ಒಂದೇ ಎತ್ತರದಲ್ಲಿ ಹೆಪ್ಪುಗಟ್ಟುತ್ತವೆ: ಎಚ್ ಭಾಗಿಸು 2π. ಎಚ್ ನಿಧಾನವಾಗಿ ತಗ್ಗುತ್ತಿರುವುದರಿಂದ ತಡವಾಗಿ ಹೊರಬಿದ್ದ ಚಿಕ್ಕ ಅಲೆಯ ಎತ್ತರ ಕೂದಲೆಳೆಯಷ್ಟು ಕಡಿಮೆ. ಆ ಕೂದಲೆಳೆಯನ್ನು ಅಳೆದಿದ್ದಾರೆ, ಅದು ಆಮೇಲೆ.

ಇತಿಹಾಸ ಬೇಕೆನ್ನುವವರಿಗೆ: ಮುಖಾನೊವ್ ಮತ್ತು ಚಿಬಿಸೊವ್ 1981ರಲ್ಲೇ ಮಾಸ್ಕೋದಲ್ಲಿ ಈ ಲೆಕ್ಕ ಮಾಡಿದ್ದರು. 1982ರ ಬೇಸಿಗೆಯಲ್ಲಿ ಕೇಂಬ್ರಿಜ್‌ನ ನಫೀಲ್ಡ್ ಕಾರ್ಯಾಗಾರದಲ್ಲಿ ಹಾಕಿಂಗ್, ಸ್ಟಾರೊಬಿನ್‌ಸ್ಕಿ, ಗುತ್ ಮತ್ತು ಪೈ, ಬಾರ್ಡೀನ್-ಸ್ಟೈನ್‌ಹಾರ್ಟ್-ಟರ್ನರ್ ಜಗಳವಾಡುತ್ತಲೇ ಅದೇ ಉತ್ತರಕ್ಕೆ ಬಂದು ನಿಂತರು.

ದಿಗಂತಯಾತ್ರಿ:

ಬೆಳಕಿನ ವಿಷಯ ಈಗ ಸ್ಪಷ್ಟವಾಯಿತು, ಧನ್ಯವಾದ. ಆದರೆ ಒಂದು ಗಂಟು ಬಿಚ್ಚಿದರೆ ಇನ್ನೊಂದು. ಇನ್‌ಫ್ಲೇಷನ್ ಮುಗಿದಾಗ ಆ ಕ್ಷೇತ್ರವೇ ಕ್ಷಯಿಸಿ ಸಾಮಾನ್ಯ ಕಣಗಳಾಗುತ್ತದೆ ಎನ್ನುತ್ತಾರೆ. ಕ್ಷೇತ್ರವೇ ಹೋದ ಮೇಲೆ ಕ್ಷೇತ್ರದ ಕ್ಷೋಭೆ ಎಲ್ಲಿ ಉಳಿಯಿತು? ಹೆಪ್ಪುಗಟ್ಟಿದ್ದು ಏನು?

ಘಾತಾಂಕ:

ಈ ಇಡೀ ಚರ್ಚೆಯ ಮೂಳೆ ಇದೇ, ನೀವೇ ಕೈಹಾಕಿದಿರಿ. ಕೊನೆತನಕ ಹೆಪ್ಪುಗಟ್ಟಿ ಉಳಿಯುವುದು ಕ್ಷೇತ್ರದ ಕ್ಷೋಭೆ ಅಲ್ಲ. ವಿಶ್ವದ ಬೇರೆ ಬೇರೆ ತುಣುಕುಗಳ ನಡುವಿನ ಹಿಗ್ಗುವಿಕೆಯ ವ್ಯತ್ಯಾಸ ಉಳಿಯುತ್ತದೆ. ಪಾಠದಲ್ಲಿ ಅದಕ್ಕೆ ವಕ್ರತಾ ಕ್ಷೋಭೆ ಎನ್ನುತ್ತಾರೆ.

ಹೇಗೆಂದರೆ, ಕ್ಷೇತ್ರ ತನ್ನ ವಿಭವದ ಇಳಿಜಾರಿನಲ್ಲಿ ನಿಧಾನವಾಗಿ ಉರುಳುತ್ತಿರುತ್ತದೆ. ಕೆಳಮುಟ್ಟಿದಾಗ ಇನ್‌ಫ್ಲೇಷನ್ ಮುಗಿಯುತ್ತದೆ. ಒಂದು ತುಣುಕಿನಲ್ಲಿ ಕ್ವಾಂಟಮ್ ನಡುಕ ಕ್ಷೇತ್ರವನ್ನು ಸ್ವಲ್ಪ ಹಿಂದಕ್ಕೆ ತಳ್ಳಿದರೆ ಅಲ್ಲಿ ಇನ್‌ಫ್ಲೇಷನ್ ಸ್ವಲ್ಪ ತಡವಾಗಿ ಮುಗಿಯುತ್ತದೆ, ಆ ತುಣುಕು ನೆರೆಯದಕ್ಕಿಂತ ತುಸು ಹೆಚ್ಚು ಹಿಗ್ಗಿರುತ್ತದೆ. ತಡವಾದ ಕಾಲ ಎಷ್ಟು? ಕ್ಷೋಭೆಯನ್ನು ಉರುಳುವ ವೇಗದಿಂದ ಭಾಗಿಸಿ. ಅದನ್ನು ಎಚ್‌ನಿಂದ ಗುಣಿಸಿದರೆ ಇ-ಫೋಲ್ಡ್‌ಗಳ ವ್ಯತ್ಯಾಸ ಸಿಗುತ್ತದೆ. ಬರೆದುಕೊಳ್ಳಿ: ಎಚ್ ವರ್ಗ ಭಾಗಿಸು (2π ಗುಣಿಸು ಉರುಳುವ ವೇಗ).

ವೇಗ ಛೇದದಲ್ಲಿದೆ ಎನ್ನುವುದನ್ನು ಗಮನಿಸಿ. ಕ್ಷೇತ್ರ ನಿಧಾನವಾಗಿ ಉರುಳಿದಷ್ಟೂ ಏರಿಳಿತ ದೊಡ್ಡದು. ಮೊದಲ ಬಾರಿ ನೋಡುವವರಿಗೆ ಇದು ತಿರುಗುಮುರುಗಾಗಿ ಕಾಣುತ್ತದೆ.

ಸಂಖ್ಯೆಗೆ ಬರೋಣ. ಪ್ಲಾಂಕ್ ಉಪಗ್ರಹದ 2018ರ ಫಲಿತಾಂಶದ ಪ್ರಕಾರ ಈ ವ್ಯತ್ಯಾಸದ ವರ್ಗಸರಾಸರಿ 2.1×10⁻⁹. ವರ್ಗಮೂಲ ತೆಗೆದರೆ 4.6×10⁻⁵. ಅಂದರೆ ಒಂದು ತುಣುಕು 60 ಇ-ಫೋಲ್ಡ್ ಹಿಗ್ಗಿದ್ದರೆ ಇನ್ನೊಂದು ಅದಕ್ಕಿಂತ 0.000046 ಇ-ಫೋಲ್ಡ್ ಹೆಚ್ಚೋ ಕಡಿಮೆಯೋ ಹಿಗ್ಗಿದೆ, ಅಷ್ಟೆ. ದೊಡ್ಡ ಕೋನಗಳಲ್ಲಿ ಹಿನ್ನೆಲೆ ವಿಕಿರಣದ (ನೀವು ಹೇಳಿದ ಆ ಹಳೆಯ ಬೆಳಕಿನ) ಉಷ್ಣತೆಯ ವ್ಯತ್ಯಾಸ ಇದರ ಐದನೇ ಒಂದು ಭಾಗ, 1967ರಲ್ಲಿ ಸ್ಯಾಕ್ಸ್ ಮತ್ತು ವೂಲ್ಫ್ ತೋರಿಸಿಕೊಟ್ಟದ್ದು. 4.6×10⁻⁵ ಅನ್ನು ಐದರಿಂದ ಭಾಗಿಸಿ ನೋಡಿ. 1992ರಲ್ಲಿ ಕೋಬ್ ಉಪಗ್ರಹ ಕಂಡ ಲಕ್ಷಕ್ಕೆ ಒಂದು ಅಲ್ಲೇ ಇದೆ.

ಹಬಲ್ ತ್ರಿಜ್ಯದ ಆಚೆಗಿನ ತುಣುಕುಗಳು ಒಂದರ ಸುದ್ದಿ ಇನ್ನೊಂದಕ್ಕೆ ತಲುಪದೆ ಬೇರೆ ಬೇರೆ ವಿಶ್ವಗಳಂತೆಯೇ ವರ್ತಿಸುತ್ತವೆ. ಎಲ್ಲ ಕಡೆಯೂ ಒಂದೇ ಭೌತನಿಯಮ, ಒಂದೇ ಇತಿಹಾಸ, ಬರೀ ಸ್ವಲ್ಪ ಹಿಂದುಮುಂದು. ಹಾಗಾಗಿ ಕ್ಷೇತ್ರ ಕ್ಷಯಿಸುವಾಗ ಒಳಗೊಳಗೆ ಎಷ್ಟೇ ಗದ್ದಲ ನಡೆದರೂ ಈ ವ್ಯತ್ಯಾಸ ಹಾಗೇ ಉಳಿಯುತ್ತದೆ. ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಿದ್ದರೆ ಈ ಮಾತು ನಿಲ್ಲುವುದಿಲ್ಲ, ಯಾಕೆಂದರೆ ಆಗ ತುಣುಕುಗಳ ಇತಿಹಾಸವೇ ಬೇರೆಬೇರೆಯಾಗಬಹುದು.

ಕೋಡ್‌ಗಾರ:

ಭೌತಶಾಸ್ತ್ರ ನನ್ನ ವೃತ್ತಿಯಲ್ಲ, ಹಗಲು ಹೊತ್ತು ಬ್ಯಾಂಕಿನ ಸಾಫ್ಟ್‌ವೇರ್ ಬರೆಯುತ್ತೇನೆ. ಆದರೆ ಈ ಸಮೀಕರಣವನ್ನು ಪೈಥಾನ್‌ನಲ್ಲಿ ಓಡಿಸಿ ನೋಡಿದ್ದೇನೆ. ಓಡಿಸಿದ ಮೇಲೆಯೇ ನನಗೆ ಅರ್ಥವಾಯಿತು, ಆದ್ದರಿಂದ ಯಾತ್ರಿಯವರಿಗೂ ಅದನ್ನೇ ಶಿಫಾರಸು ಮಾಡುತ್ತೇನೆ.

ಕಾಲದ ಬದಲು ಇ-ಫೋಲ್ಡ್ ಸಂಖ್ಯೆಯನ್ನೇ ಸಮತಲ ಅಕ್ಷವಾಗಿ ಇಟ್ಟುಕೊಳ್ಳಿ. ಆಗ ವಕ್ರತಾ ಕ್ಷೋಭೆಯ ಸಮೀಕರಣದ ಘರ್ಷಣಾ ಗುಣಾಂಕ 3ರ ಆಸುಪಾಸಿನಲ್ಲಿರುತ್ತದೆ. ಹೊರಬೀಳುವುದಕ್ಕೆ ಬಹಳ ಮುಂಚಿನಿಂದ, ಅಲೆಯ ಸಂಖ್ಯೆ ಕೆ (ಎ ಗುಣಿಸು ಎಚ್)ನ ನೂರು ಪಟ್ಟಿರುವಾಗ, ಲೆಕ್ಕ ಶುರುಮಾಡಿ. ಇನ್ನೂ ಹಿಂದಕ್ಕೆ ಹೋದರೆ ಬರೀ ಆಂದೋಲನ ಎಣಿಸುತ್ತ ಕಂಪ್ಯೂಟರ್ ಬಿಸಿಯಾಗುತ್ತದೆ, ಫಲವಿಲ್ಲ. ನೂರರಿಂದ ಶುರುಮಾಡಿದರೆ ಹೊರಬೀಳುವ ಮುನ್ನ ಹದಿನಾರು ಆಂದೋಲನ, ಸಾಕು. ನೈಜ ಭಾಗ ಮತ್ತು ಕಾಲ್ಪನಿಕ ಭಾಗವನ್ನು ಬೇರೆಬೇರೆಯಾಗಿ ಬಿಡಿಸಬೇಕು. ಆರಂಭಿಕ ಸ್ಥಿತಿ ಬಂಚ್-ಡೇವಿಸ್ ನಿರ್ವಾತ, ಅದರಲ್ಲಿ ಎರಡೂ ಭಾಗಗಳು ಕಾಲು ಸುತ್ತಿನಷ್ಟು ಹಿಂದುಮುಂದು ಓಡುತ್ತವೆ.

ನಕ್ಷೆಯಲ್ಲಿ ಕಾಣುವುದು ಹೀಗೆ. ಎರಡೂ ಭಾಗಗಳು ಹುಚ್ಚು ಹಿಡಿದಂತೆ ಮೇಲೆ ಕೆಳಗೆ ಆಡುತ್ತ ಇಳಿಯುತ್ತವೆ. ಆದರೆ ಒಟ್ಟು ಪರಿಮಾಣದ ಗೆರೆ ನುಣ್ಣಗೆ, ಲಾಗ್ ಅಳತೆಯಲ್ಲಿ ನೇರ ಇಳಿಜಾರು. ಸುಮಾರು 4.6 ಇ-ಫೋಲ್ಡ್ ಇಳಿದು, ಒಂದು ಸಣ್ಣ ತಿರುವು ತೆಗೆದುಕೊಂಡು, ಸಮತಟ್ಟಾಗುತ್ತದೆ. ಆಮೇಲೆ ಎಷ್ಟು ಹೊತ್ತು ಓಡಿಸಿದರೂ ಕದಲುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ. ಹೊರಬಿದ್ದ ಕ್ಷಣದಲ್ಲೇ ಅಳೆದರೆ ಅಂತಿಮ ಬೆಲೆಗಿಂತ ಸುಮಾರು 1.4 ಪಟ್ಟು ಹೆಚ್ಚು ಬರುತ್ತದೆ, ಸರಿಯಾಗಿ ಹೇಳಬೇಕೆಂದರೆ 2ರ ವರ್ಗಮೂಲ. ಮೂರು ಇ-ಫೋಲ್ಡ್ ಕಾದು ಅಳೆದರೆ ವ್ಯತ್ಯಾಸ ಶೇಕಡಾ 0.1ರ ಆಸುಪಾಸಿಗೆ ಇಳಿದಿರುತ್ತದೆ. ಪುಸ್ತಕಗಳು "ದಿಗಂತ ದಾಟುವಾಗಿನ ಬೆಲೆ" (ದಿಗಂತ ಎಂದರೆ ಇಲ್ಲಿ ಹಬಲ್ ತ್ರಿಜ್ಯವೇ) ಎಂದು ಬರೆಯುವಾಗ ಎಚ್‌ನ ಬೆಲೆಯನ್ನು ಮಾತ್ರ ಆ ಕ್ಷಣದಿಂದ ತೆಗೆದುಕೊಳ್ಳುತ್ತವೆ, ಕ್ಷೋಭೆಯ ಬೆಲೆಯನ್ನು ಆಮೇಲಿನ ಸಮತಟ್ಟಿನಿಂದ. ಇದನ್ನು ಯಾವ ಪುಸ್ತಕವೂ ಒತ್ತಿ ಹೇಳದಿರುವುದು ನನಗೆ ಸಿಟ್ಟು ತರಿಸುತ್ತದೆ.

ಸಂಶಯಾತ್ಮ:

ಎಲ್ಲರೂ ಒಂದೇ ತಾಳಕ್ಕೆ ಭಜನೆ ಮಾಡುತ್ತಿರುವುದರಿಂದ ನಾನು ಸ್ವಲ್ಪ ಅಪಸ್ವರ ಎತ್ತುತ್ತೇನೆ. ಎಲ್ಲ ಅಳತೆಗಳಲ್ಲೂ ಒಂದೇ ಎತ್ತರದ ಏರಿಳಿತ ಬೇಕು ಎಂದು 1970ರ ಹೊತ್ತಿಗೇ ಹ್ಯಾರಿಸನ್ ಹೇಳಿದ್ದರು, 1972ರಲ್ಲಿ ಜೆಲ್ಡೊವಿಚ್ ಹೇಳಿದ್ದರು. ಆಗ ಇನ್‌ಫ್ಲೇಷನ್ ಎಂಬ ಮಾತೇ ಇರಲಿಲ್ಲ. ಗೊತ್ತಿದ್ದ ಉತ್ತರಕ್ಕೆ ತಕ್ಕ ಕಥೆ ಹೊಸೆದರೆ ಅದು ಭವಿಷ್ಯ ನುಡಿದಂತೆ ಆಗುತ್ತದೆಯೇ? ಇನ್‌ಫ್ಲೇಷನ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೈನ್‌ಹಾರ್ಟ್ ಅವರೇ ಈಗ ಅದರ ಕಟು ವಿಮರ್ಶಕ. 2017ರಲ್ಲಿ ಅವರೂ ಇಯಾಸ್ ಮತ್ತು ಲೋಬ್ ಅವರೂ ಪತ್ರಿಕೆಯಲ್ಲಿ ಬರೆದ ಲೇಖನಕ್ಕೆ 33 ಮಂದಿ ವಿಜ್ಞಾನಿಗಳು ಸಹಿ ಹಾಕಿ ಉತ್ತರ ಬರೆದರು. ಸಹಿ ಸಂಗ್ರಹಿಸಿ ಗೆಲ್ಲಬೇಕಾದ ಸಿದ್ಧಾಂತ ಎಂಥದ್ದು?

ಅಲೆಗಳು ದಿಗಂತದ ಆಚೆ ಹೆಪ್ಪುಗಟ್ಟಿದ್ದವು ಎನ್ನುವುದಕ್ಕೆ, ಸಮೀಕರಣ ಹಾಗೆ ಹೇಳುತ್ತದೆ ಎನ್ನುವುದನ್ನು ಬಿಟ್ಟು, ಆಕಾಶದಲ್ಲಿ ಏನಾದರೂ ಸಾಕ್ಷಿ ಇದೆಯೇ?

ನಿವೃತ್ತಮೇಷ್ಟ್ರು:

ಸಂಶಯಾತ್ಮರೇ, ಸಾಕ್ಷಿ ಇದೆ. ಸಹಿಗಳ ವಿಷಯ ಪಕ್ಕಕ್ಕಿಡಿ, ಆಕಾಶವನ್ನೇ ನೋಡೋಣ.

ದಿಗಂತದ ಆಚೆ ನಿಶ್ಚಲವಾಗಿದ್ದ ಅಲೆ, ಇನ್‌ಫ್ಲೇಷನ್ ಮುಗಿದು ಬಹಳ ಕಾಲದ ಮೇಲೆ ಹಬಲ್ ತ್ರಿಜ್ಯ ಬೆಳೆದು ತನ್ನನ್ನು ಮುಟ್ಟಿದಾಗ ಮತ್ತೆ ಆಡಲು ತೊಡಗುತ್ತದೆ. ಕೊನೆಗೆ ಹೊರಬಿದ್ದ ಚಿಕ್ಕ ಅಲೆ ಮೊದಲು ಒಳಗೆ ಬರುತ್ತದೆ. ಆಗಿನ ವಿಶ್ವ ಬೆಳಕೂ ಪ್ರೋಟಾನ್-ಎಲೆಕ್ಟ್ರಾನ್‌ಗಳೂ ಅಂಟಿಕೊಂಡ ಬಿಸಿ ದ್ರವ. ಅದರಲ್ಲಿ ಈ ಅಲೆ ಶಬ್ದದ ಅಲೆಯಾಗಿ ಹರಡುತ್ತದೆ. ಈಗ ಮುಖ್ಯವಾದ ಮಾತು: ಒಂದೇ ತರಂಗಾಂತರದ ಅಲೆಗಳೆಲ್ಲ, ಆಕಾಶದ ಯಾವ ಮೂಲೆಯಲ್ಲಿದ್ದರೂ, ಒಂದೇ ಕ್ಷಣದಲ್ಲಿ ಒಳಬರುತ್ತವೆ, ಎಲ್ಲವೂ ನಿಂತ ಸ್ಥಿತಿಯಿಂದ ಹೊರಡುತ್ತವೆ. ಹೆಪ್ಪುಗಟ್ಟಿದ್ದವಲ್ಲ, ವೇಗ ಸೊನ್ನೆ. ಹಾಗಾಗಿ ಅವುಗಳ ಪ್ರಾವಸ್ಥೆ ಒಂದೇ.

3,80,000 ವರ್ಷವಾದಾಗ ಬೆಳಕು ಬಿಡುಗಡೆಯಾಗುವ ಹೊತ್ತಿಗೆ ಸರಿಯಾಗಿ ಒಂದು ಬಾರಿ ಸಂಕೋಚನಗೊಂಡ ತರಂಗಾಂತರ ಆಕಾಶದಲ್ಲಿ ಸುಮಾರು ಒಂದು ಡಿಗ್ರಿಯ ಕಲೆಗಳಾಗಿ ಕಾಣುತ್ತದೆ. ಹಿನ್ನೆಲೆ ವಿಕಿರಣದ ಮೊದಲ ಶಿಖರ ಅದು, ಮಲ್ಟಿಪೋಲ್ ಸಂಖ್ಯೆ (ಕೋನ ಚಿಕ್ಕದಾದಷ್ಟೂ ಇದು ದೊಡ್ಡದು) 220ರ ಆಸುಪಾಸಿನಲ್ಲಿದೆ. ಒಮ್ಮೆ ಸಂಕೋಚಿಸಿ ಮತ್ತೆ ಹಿಗ್ಗಿದ್ದು ಎರಡನೇ ಶಿಖರ, 540ರ ಬಳಿ. ಮೂರನೆಯದು 810ರ ಬಳಿ. ಬೇರೆಬೇರೆ ಅಲೆಗಳು ಬೇರೆಬೇರೆ ಹೊತ್ತಿನಲ್ಲಿ ಹೊರಟಿದ್ದರೆ ಶಿಖರ ಕಣಿವೆಗಳು ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತಿದ್ದವು. ಕಾಸ್ಮಿಕ್ ಸ್ಟ್ರಿಂಗ್‌ಗಳೇ ಬೀಜ ಎನ್ನುತ್ತಿದ್ದ ಸಿದ್ಧಾಂತ ಸೋತದ್ದು ಇದೇ ಕಾರಣಕ್ಕೆ. ಆ ತಂತುಗಳು ದಾರಿಯುದ್ದಕ್ಕೂ ಹೊಸ ಹೊಸ ಅಲೆ ಎಬ್ಬಿಸುತ್ತಲೇ ಇರುತ್ತವೆ, ಶ್ರುತಿ ಸೇರುವುದಿಲ್ಲ.

ಇನ್ನೂ ನೇರವಾದ ಸಾಕ್ಷಿ ಬೇಕೆಂದರೆ ಧ್ರುವೀಕರಣ. ಸ್ಪರ್ಗಲ್ ಮತ್ತು ಜಲ್ದಾರಿಯಾಗ 1997ರಲ್ಲಿ ಒಂದು ಪರೀಕ್ಷೆ ಸೂಚಿಸಿದರು. ಬೆಳಕು ಬಿಡುಗಡೆಯಾದ ಗಳಿಗೆಯ ದಿಗಂತ ಆಕಾಶದಲ್ಲಿ ಒಂದೆರಡು ಡಿಗ್ರಿ ಅಗಲ. ಅದಕ್ಕಿಂತ ದೊಡ್ಡ ಕೋನಗಳಲ್ಲಿ ಉಷ್ಣತೆಗೂ ಧ್ರುವೀಕರಣಕ್ಕೂ ಸಂಬಂಧ ಕಂಡರೆ, ಆ ಕ್ಷೋಭೆಗಳು ಬೆಳಕು ಹೊರಡುವ ಮೊದಲೇ ದಿಗಂತದ ಆಚೆ ಇದ್ದವು ಎಂದೇ ಅರ್ಥ. ಉಷ್ಣತೆಯ ನಕ್ಷೆಯನ್ನು ದಾರಿಯಲ್ಲಿ ಆಮೇಲಿನ ಗುರುತ್ವವೂ ಕದಡಬಹುದು, ಆದರೆ ಧ್ರುವೀಕರಣ ಆ ಕೊನೆಯ ಚದರುವಿಕೆಯಲ್ಲಿ ಮಾತ್ರ ಹುಟ್ಟುತ್ತದೆ, ಆಮೇಲೆ ನಕಲು ಮಾಡಲಾಗದು. 2003ರಲ್ಲಿ ಡಬ್ಲ್ಯುಮ್ಯಾಪ್ ಉಪಗ್ರಹದ ತಂಡ ಮಲ್ಟಿಪೋಲ್ 150ರ ಬಳಿ ಆ ಸಂಬಂಧವನ್ನು ಋಣ ಚಿಹ್ನೆಯೊಂದಿಗೆ ಕಂಡಿತು. ಚಿಹ್ನೆಯೂ ಲೆಕ್ಕ ಹೇಳಿದ್ದೇ.

ಸಂಶಯಾತ್ಮ:

ಧ್ರುವೀಕರಣದ ಮಾತಿಗೆ ಎದುರಾಡುವುದಿಲ್ಲ, ಅದು ಗಟ್ಟಿ ಸಾಕ್ಷಿ. ಆದರೆ ಅದು ಸಾಬೀತು ಮಾಡುವುದು ದಿಗಂತದ ಆಚೆ ಕ್ಷೋಭೆ ಇತ್ತು ಎನ್ನುವುದನ್ನು. ಅದನ್ನು ಅಲ್ಲಿಗೆ ಕಳಿಸಿದ್ದು ಇನ್‌ಫ್ಲೇಷನ್ನೇ ಎನ್ನುವುದನ್ನಲ್ಲ. ಪುಟಿಯುವ ವಿಶ್ವದ ಮಾದರಿಗಳಲ್ಲೂ ಅಲೆಗಳು ಹೊರಹೋಗಿ ಒಳಬರುತ್ತವೆ.

ಶೂನ್ಯಬಿಂದು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಿರ್ವಾತದ ನಡುಕ ಕ್ವಾಂಟಮ್ ಸ್ಥಿತಿ. ಆಕಾಶದ ಕಲೆ ಅಪ್ಪಟ ವಾಸ್ತವ, ಇಲ್ಲಿ ಬಿಸಿ, ಅಲ್ಲಿ ತಂಪು. ಅಳತೆ ಮಾಡುವವರು ಯಾರೂ ಇಲ್ಲದ ಕಾಲದಲ್ಲಿ ಕ್ವಾಂಟಮ್ ಸಾಧ್ಯತೆಗಳಲ್ಲಿ ಒಂದನ್ನು ಆರಿಸಿದವರು ಯಾರು?

ಘಾತಾಂಕ:

ಶೂನ್ಯಬಿಂದು ಅವರೇ, ಇದಕ್ಕೆ ಅರ್ಧ ಉತ್ತರ ಇದೆ. ದಿಗಂತದ ಆಚೆ ಸಮೀಕರಣಕ್ಕೆ ಎರಡು ಪರಿಹಾರ: ಒಂದು ಸ್ಥಿರ, ಇನ್ನೊಂದು ಕ್ಷಯಿಸುವಂಥದ್ದು. ಕ್ಷಯಿಸುವುದು ಪ್ರತಿ ಇ-ಫೋಲ್ಡ್‌ಗೆ ಇಪ್ಪತ್ತು ಪಾಲು ಕುಗ್ಗುತ್ತದೆ. ಸ್ಥಾನವನ್ನೂ ಸಂವೇಗವನ್ನೂ ಒಟ್ಟಿಗೆ ತಿಳಿಯಲಾಗದು ಎಂಬ ಕ್ವಾಂಟಮ್ ನಿಯಮ ಇಲ್ಲಿ ಅಡಗಿರುವುದು ಆ ಎರಡನೇ ಪರಿಹಾರದಲ್ಲಿ. 50 ಇ-ಫೋಲ್ಡ್ ಕಳೆದ ಮೇಲೆ ಅದು ಮೊದಲನೆಯದರ 10⁻⁶⁵ ಭಾಗ. ಯಾವ ಉಪಕರಣವೂ ಅದನ್ನು ಹಿಡಿಯಲಾರದು. ಹಾಗಾಗಿ ಅಲೆಯನ್ನು ಯಾದೃಚ್ಛಿಕ ಎತ್ತರದ ಸಾಮಾನ್ಯ ಅಲೆ ಎಂದು ಪರಿಗಣಿಸಿ ಲೆಕ್ಕ ಮಾಡಿದರೂ ಒಂದೇ ಉತ್ತರ ಬರುತ್ತದೆ. 1990ರ ದಶಕದಲ್ಲಿ ಪೊಲಾರ್‌ಸ್ಕಿ ಮತ್ತು ಸ್ಟಾರೊಬಿನ್‌ಸ್ಕಿ ಇದನ್ನು ಚೊಕ್ಕಟವಾಗಿ ಬರೆದಿದ್ದಾರೆ.

ಉಳಿದ ಅರ್ಧ, ಅಂದರೆ ಆ ಅನೇಕ ಸಾಧ್ಯತೆಗಳಲ್ಲಿ ನಮ್ಮ ಆಕಾಶ ಮಾತ್ರ ಯಾಕೆ ಎನ್ನುವುದು, ಕ್ವಾಂಟಮ್ ಸಿದ್ಧಾಂತದ ಹಳೆಯ ಅಳತೆಯ ಸಮಸ್ಯೆಯೇ. ಪ್ರಯೋಗಾಲಯದಲ್ಲಿ ಬಗೆಹರಿಯದ್ದು ಇಲ್ಲಿಯೂ ಬಗೆಹರಿದಿಲ್ಲ. ಬಗೆಹರಿಯಿತು ಎನ್ನುವವರ ಲೇಖನಗಳನ್ನು ಓದಿ, ಆದರೆ ನಂಬುವ ಮುನ್ನ ಎರಡು ಬಾರಿ ಓದಿ.

ಕೋಡ್‌ಗಾರ:

ಎರಡನೇ ಪರಿಹಾರ ಕ್ಷಯಿಸುತ್ತದೆ ಎಂದಿರಲ್ಲ, ಅದನ್ನು ಕ್ಷಯಿಸದಂತೆ ಮಾಡಿದರೆ ಏನಾಗುತ್ತದೆ ಎಂದು ನೋಡಿದೆ. ಘರ್ಷಣಾ ಗುಣಾಂಕ ನಿಖರವಾಗಿ 3 ಅಲ್ಲ. ಅದರಲ್ಲಿ ಎಪ್ಸಿಲಾನ್ ಎಂಬ ನಿಧಾನಗತಿಯ ಅಳತೆ ಎಷ್ಟು ಬೇಗ ಬದಲಾಗುತ್ತಿದೆ ಎನ್ನುವುದೂ ಸೇರಿದೆ. ವಿಭವದ ಇಳಿಜಾರಿನಲ್ಲಿ ಒಂದು ತುಣುಕನ್ನು ಪೂರ್ತಿ ಚಪ್ಪಟೆ ಮಾಡಿದೆ. ಕ್ಷೇತ್ರ ಅಲ್ಲಿಗೆ ಬಂದಾಗ ನೂಕುವ ಬಲವೇ ಇಲ್ಲ, ಬಂದ ವೇಗದ ಬಲದಿಂದಲೇ ಜಾರುತ್ತದೆ, ಆ ವೇಗ ಎ-ಘನದ ವಿಲೋಮದಲ್ಲಿ ಬೀಳುತ್ತದೆ, ಎಪ್ಸಿಲಾನ್ ಎ-ಆರನೇ ಘಾತದ ವಿಲೋಮದಲ್ಲಿ. ಹಾಗಾದಾಗ ಗುಣಾಂಕಕ್ಕೆ ಮೈನಸ್ 6 ಸೇರುತ್ತದೆ. 3 ಇದ್ದದ್ದು ಮೈನಸ್ 3.

ಅಂದರೆ ತಡೆಯುತ್ತಿದ್ದ ಘರ್ಷಣೆ ಈಗ ನೂಕುತ್ತದೆ. ದಿಗಂತದ ಆಚೆ ಸಮತಟ್ಟಾಗಿದ್ದ ಗೆರೆ ಎದ್ದು ನಿಲ್ಲುತ್ತದೆ. ಚಪ್ಪಟೆ ತುಣುಕು ಎರಡು ಇ-ಫೋಲ್ಡ್ ಉದ್ದವಿದ್ದರೆ ಪಾರ ಸುಮಾರು 400 ಪಟ್ಟು. ನಕ್ಷೆಯಲ್ಲಿ ಇನ್ನೊಂದು ವಿಚಿತ್ರ: ಬೆಳೆದ ಅಲೆಗಳ ಗುಡ್ಡಕ್ಕೂ ಮುಂಚೆ ಒಂದು ಆಳವಾದ ಗುಂಡಿ. ಅಲ್ಲಿನ ಅಲೆಗಳಲ್ಲಿ ಹಳೆಯ ಸ್ಥಿರ ಭಾಗವೂ ಹೊಸದಾಗಿ ಬೆಳೆದ ಭಾಗವೂ ವಿರುದ್ಧ ಚಿಹ್ನೆಯವು, ಒಂದನ್ನೊಂದು ತಿಂದುಹಾಕುತ್ತವೆ. ಇದು ನಿಜವೋ ನನ್ನ ಕೋಡ್‌ನ ಚೇಷ್ಟೆಯೋ?

ಘಾತಾಂಕ:

ನಿಜ, ಕೋಡ್ ಸರಿಯಾಗಿದೆ. ಗುಂಡಿಯಿಂದಾಚೆ ಏರುವ ಭಾಗ ಎಷ್ಟು ಕಡಿದಾಗಿದೆ ನೋಡಿ, ಏರಿಳಿತದ ವರ್ಗಸರಾಸರಿ ಅಲೆಯ ಸಂಖ್ಯೆಯ ನಾಲ್ಕನೇ ಘಾತದಂತೆ ಏರಬೇಕು. ಇದಕ್ಕೆ ಅಲ್ಟ್ರಾ ಸ್ಲೋ ರೋಲ್ ಎನ್ನುತ್ತಾರೆ. ಮುಂದೆ ಮದ್ರಾಸ್ ಐಐಟಿಗೆ ಬಂದ ಶ್ರೀರಾಮ್‌ಕುಮಾರ್ ಮತ್ತವರ ಸಹಯೋಗಿಗಳು 2009ರಲ್ಲಿ "ಪಂಕ್ಚುಯೇಟೆಡ್ ಇನ್‌ಫ್ಲೇಷನ್" ಹೆಸರಿನಲ್ಲಿ ಬರೆದದ್ದು ಇದರ ಸೋದರ ವಿಷಯ: ನಡುವೆ ಒಮ್ಮೆ ಇನ್‌ಫ್ಲೇಷನ್ ಕ್ಷಣಕಾಲ ನಿಂತು ಮತ್ತೆ ಮುಂದುವರಿದರೆ ಅತಿ ದೊಡ್ಡ ಅಳತೆಗಳಲ್ಲಿ ಏರಿಳಿತ ತಗ್ಗುತ್ತದೆ. ಆ ತಂಡದಲ್ಲಿದ್ದ ತರುಣ್ ಸೌರದೀಪ್ ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ಈಗ ಇದಕ್ಕೆ ಗಿರಾಕಿ ಹೆಚ್ಚಿರುವುದು ಆದಿಮ ಕಪ್ಪುಕುಳಿಗಳಿಂದಾಗಿ. ಅವು ಹುಟ್ಟಬೇಕಾದರೆ ಏರಿಳಿತದ ವರ್ಗಸರಾಸರಿ 10⁻⁹ ರಿಂದ 10⁻² ಆಸುಪಾಸಿಗೆ ಏರಬೇಕು, ಏಳು ದಶಮಾನ ಘಾತ. ಲೆಕ್ಕ ಹಾಕಿ, ಮೂರು ಇ-ಫೋಲ್ಡ್‌ಗಿಂತ ಕಡಿಮೆ ಉದ್ದದ ಚಪ್ಪಟೆ ತುಣುಕು ಸಾಕು. ಆದರೆ ಅಷ್ಟು ದೊಡ್ಡ ಏರಿಳಿತ ತನ್ನ ಮೇಲೇ ಪ್ರಭಾವ ಬೀರಿ, ನಾವು ಈಗಾಗಲೇ ಅಳೆದಿರುವ ದೊಡ್ಡ ಅಲೆಗಳನ್ನೂ ಕೆಡಿಸುತ್ತದೆ, ಆದ್ದರಿಂದ ಒಂದೇ ಕ್ಷೇತ್ರದ ಮಾದರಿಗಳಲ್ಲಿ ಇದು ಆಗದು ಎಂದು ಕ್ರಿಸ್ಟಿಯಾನೊ ಮತ್ತು ಯೊಕೊಯಾಮ 2022ರ ಕೊನೆಯಲ್ಲಿ ವಾದಿಸಿದರು. ಒಂದೆರಡು ತಿಂಗಳಲ್ಲೇ ರಿಯೊಟ್ಟೊ ಅದನ್ನು ಅಲ್ಲಗಳೆದು ಬರೆದರು. ಅಲ್ಲಿಂದ ಪ್ರಬಂಧಗಳ ಮಳೆಯೇ ಸುರಿದಿದೆ. ಒಮ್ಮೆ ಹೆಪ್ಪುಗಟ್ಟಿದ್ದು ಕ್ವಾಂಟಮ್ ತಿದ್ದುಪಡಿಗಳಿಂದ ಕರಗಬಹುದೇ ಎನ್ನುವುದೇ ಆ ಜಗಳದ ತಿರುಳು. ನನ್ನ ಒಲವು ಕರಗದು ಎನ್ನುವವರ ಕಡೆಗೆ, ಬಹಳ ದೊಡ್ಡ ಅಲೆಗೆ ಚಿಕ್ಕ ಅಲೆಗಳ ಗದ್ದಲ ಕೇಳಿಸಬಾರದು.

ಸಂಶಯಾತ್ಮ:

ಕೂದಲೆಳೆಯ ವಿಷಯ ಆಮೇಲೆ ಎಂದಿರಿ, ಆಮೇಲೆ ಬರಲೇ ಇಲ್ಲ. ನಾನೇ ಎತ್ತುತ್ತೇನೆ. ಎಲ್ಲ ಅಲೆಗಳೂ ಒಂದೇ ಎತ್ತರ ಇದ್ದರೆ ಸ್ಪೆಕ್ಟ್ರಲ್ ಇಂಡೆಕ್ಸ್ 1. ಪ್ಲಾಂಕ್ ಅಳೆದದ್ದು 0.965, ಹೆಚ್ಚುಕಡಿಮೆ 0.004. ಸರಿ, 1 ಅಲ್ಲ. ಆದರೆ 2025ರಲ್ಲಿ ಚಿಲಿಯ ಅಟಕಾಮಾ ಕಾಸ್ಮಾಲಜಿ ಟೆಲಿಸ್ಕೋಪ್ ತನ್ನ ದತ್ತಾಂಶವನ್ನು ಪ್ಲಾಂಕ್ ಮತ್ತು ಡೆಸಿ ಗೆಲಾಕ್ಸಿ ಸಮೀಕ್ಷೆಯ ಜೊತೆ ಸೇರಿಸಿದಾಗ 0.974 ಬಂದಿತು. ಎಲ್ಲರ ಮುದ್ದಿನ ಸ್ಟಾರೊಬಿನ್‌ಸ್ಕಿ ಮಾದರಿ ಅಂಚಿಗೆ ಸರಿಯಿತು. 2014ರಲ್ಲಿ ದಕ್ಷಿಣ ಧ್ರುವದ ಬೈಸೆಪ್-2 ಗುರುತ್ವ ಅಲೆ ಕಂಡೆವೆಂದು ಷಾಂಪೇನ್ ಬಾಟಲಿ ತೆರೆದದ್ದೂ, ಮರುವರ್ಷ ಅದರ ಬಹುಪಾಲು ನಮ್ಮ ಗೆಲಾಕ್ಸಿಯ ಧೂಳು ಎಂದು ತಿಳಿದದ್ದೂ ಮರೆಯುವಂಥದ್ದಲ್ಲ.

ಘಾತಾಂಕ:

ಧೂಳಿನ ಪಾಠ ಎಲ್ಲರಿಗೂ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆ ಪಾಠದಿಂದ ಬಂದದ್ದೇ 2021ರ ಬೈಸೆಪ್-ಕೆಕ್ ಮಿತಿ: ಗುರುತ್ವ ಅಲೆಗಳ ಬಲ ವಕ್ರತಾ ಕ್ಷೋಭೆಯ 0.036 ಭಾಗಕ್ಕಿಂತ ಕಡಿಮೆ. ಗುರುತ್ವ ಅಲೆಗಳಿಗೂ ಹೆಪ್ಪುಗಟ್ಟುವ ಅದೇ ಸಮೀಕರಣ, ಆದರೆ ಉರುಳುವ ವೇಗದಿಂದ ಭಾಗಿಸುವ ಗೊಡವೆ ಇಲ್ಲ, ಎತ್ತರ ನೇರವಾಗಿ ಎಚ್ ಮೇಲೆ ನಿಂತಿದೆ. ಹಾಗಾಗಿ ಈ ಮಿತಿಯಿಂದ ಎಚ್ ಸುಮಾರು 5×10¹³ ಜಿಇವಿಗಿಂತ ಕಡಿಮೆ ಎಂದು ತಿಳಿಯುತ್ತದೆ. ನಾನು ಕಲಿತಾಗ ಪಾಠಗಳ ಮೊದಲ ಉದಾಹರಣೆಯಾಗಿದ್ದ ಫೈ-ವರ್ಗ ವಿಭವ 0.13 ಎನ್ನುತ್ತದೆ, ಅದು ಸತ್ತಿದೆ. ಸತ್ಯಾಸತ್ಯ ಪರೀಕ್ಷೆಗೆ ಒಗ್ಗದ ಸಿದ್ಧಾಂತ ಎನ್ನುವವರು ಈ ಸಾವನ್ನೂ ಲೆಕ್ಕಕ್ಕೆ ಹಿಡಿಯಬೇಕು.

2023ರ ಡಿಸೆಂಬರಿನಲ್ಲಿ ತೀರಿಕೊಂಡ ಸ್ಟಾರೊಬಿನ್‌ಸ್ಕಿ ಅವರ 1980ರ ಮಾದರಿ 60 ಇ-ಫೋಲ್ಡ್‌ಗೆ ಇಂಡೆಕ್ಸ್ 0.967 ಎಂದೂ ಗುರುತ್ವ ಅಲೆಯ ಅನುಪಾತ 0.003 ಎಂದೂ ಹೇಳುತ್ತದೆ. 0.974 ನಿಂತರೆ ಅದಕ್ಕೆ ಕಷ್ಟವೇ. ಆದರೆ ಆ ಸಂಖ್ಯೆ ಡೆಸಿ ದತ್ತಾಂಶ ಸೇರಿಸಿದಾಗ ಮೇಲಕ್ಕೆ ಸರಿಯುತ್ತದೆ, ಡೆಸಿಗೂ ಹಿನ್ನೆಲೆ ವಿಕಿರಣಕ್ಕೂ ನಡುವೆ ಈಗಾಗಲೇ ಸ್ವಲ್ಪ ಎಳೆದಾಟ ಇದೆ. ಅದು ಬಗೆಹರಿಯುವ ತನಕ ನಾನು ಯಾವ ಮಾದರಿಗೂ ಶ್ರಾದ್ಧ ಮಾಡುವುದಿಲ್ಲ. 0.003ರ ಮಟ್ಟ ಮುಟ್ಟಬೇಕೆಂದರೆ ಜಪಾನ್ ಮುಂದಾಳತ್ವದ ಲೈಟ್‌ಬರ್ಡ್‌ನಂಥ ಉಪಗ್ರಹ ಬೇಕು. ನಮ್ಮವರೂ ಸಿಎಂಬಿ-ಭಾರತ್ ಎಂಬ ಪ್ರಸ್ತಾವವನ್ನು ಇಸ್ರೊ ಮುಂದೆ ಇಟ್ಟಿದ್ದಾರೆ.

ದಿಗಂತಯಾತ್ರಿ:

ಎಲ್ಲರಿಗೂ ಋಣಿ. ಕೋಡ್ ಬರೆಯುವ ಮುನ್ನ ಕೈಯಲ್ಲೇ ಮಾಡಬಹುದಾದ ಒಂದು ಲೆಕ್ಕ ಕೊಡುತ್ತೀರಾ?

ಘಾತಾಂಕ:

ಕೊಡುತ್ತೇನೆ. ಎಚ್ ಪೂರ್ತಿ ಸ್ಥಿರ ಎಂದುಕೊಳ್ಳಿ. ಕಾಲದ ಬದಲು ಕನ್ಫಾರ್ಮಲ್ ಕಾಲ ಬಳಸಿ, ಅದು ಮೈನಸ್ 1 ಭಾಗಿಸು (ಎ ಗುಣಿಸು ಎಚ್). ಕ್ಷೋಭೆಯನ್ನು ಎ-ಯಿಂದ ಗುಣಿಸಿ ಹೊಸ ಚರ ಮಾಡಿಕೊಳ್ಳಿ. ಘರ್ಷಣಾ ಪದ ಮಾಯವಾಗಿ, ಆವೃತ್ತಿಯ ವರ್ಗ ಕೆ-ವರ್ಗ ಕಳೆ (2 ಭಾಗಿಸು ಕನ್ಫಾರ್ಮಲ್ ಕಾಲದ ವರ್ಗ) ಎಂದಾಗುತ್ತದೆ. ಅದಕ್ಕೆ ನಿಖರ ಪರಿಹಾರ ಇದೆ, ಒಂದು ಘಾತೀಯ ಪದ ಗುಣಿಸು ಎರಡು ಪದಗಳ ಆವರಣ. ಹುಡುಕಿ ತೆಗೆದು, ಸಮೀಕರಣಕ್ಕೆ ಹಾಕಿ ಸರಿಹೊಂದುತ್ತದೆಯೇ ನೋಡಿ. ಆಮೇಲೆ ಪರಿಮಾಣದ ವರ್ಗ ತೆಗೆದರೆ ಕೋಡ್‌ಗಾರರ 2ರ ವರ್ಗಮೂಲ ಎಲ್ಲಿಂದ ಬಂತು ಎನ್ನುವುದು ಎರಡೇ ಸಾಲಿನಲ್ಲಿ ಕಾಣುತ್ತದೆ. ಸಿಕ್ಕಿಹಾಕಿಕೊಂಡರೆ ಬರೆದದ್ದರ ಚಿತ್ರ ಇಲ್ಲೇ ಹಾಕಿ.

ನಿವೃತ್ತಮೇಷ್ಟ್ರು:

ಚಿತ್ರ ಹಾಕುವಾಗ ಹಂತಗಳನ್ನೂ ಬರೆಯಿರಿ. ಉತ್ತರ ಮಾತ್ರ ಬರೆದರೆ ನಾನು ಅಂಕ ಕೊಡುವುದಿಲ್ಲ.